ಅಂಚೆ ಗುಮಾಸ್ತನ ಆರು ಸಿಲಿಂಡರ್

ನಮ್ಮ ಐನ್ ತೂತ್‌ನಲ್ಲಿ ಗಂಡಸೊಬ್ಬನನ್ನು ನಿಲ್ಲಿಸಿಕೊಂಡು ಹೊಟ್ಟೆಪಾಡಿಗೆ ಏನು ಮಾಡುತ್ತೀಯಪ್ಪ ಎಂದು ಕೇಳುವುದು ಹೆಂಗಸಿನ ವಯಸ್ಸು ಕೇಳುವುದಕ್ಕಿಂತ ದೊಡ್ಡ ಅಸಭ್ಯತೆ. ಊರ ಹಿಂದಿನ ಗುಡ್ಡ ಹತ್ತಿ ಇಳಿದರೆ ಅಲ್ಜೀರಿಯ. ಗಡಿಯನ್ನು ಸರ್ಕಾರದವರು ಮುಚ್ಚಿದ್ದರು; ಆದರೆ ಅದನ್ನು ಊರಿನವರಿಗೆ ಯಾರೂ ಬಂದು ಹೇಳಿರಲಿಲ್ಲ, ಅಥವಾ ಹೇಳಲು ಬಂದಾಗ ಅವರು ಮನೆಯಲ್ಲಿರಲಿಲ್ಲ. ಆಚೆಯಿಂದ ಪೆಟ್ರೋಲು, ಹಾಲಿನ ಪುಡಿ, ಕಂಬಳಿ ಈಚೆ ಬರುತ್ತಿದ್ದವು. ಈಚೆಯಿಂದ ಬಟ್ಟೆ, ಕಿತ್ತಳೆ ಆಚೆ ಹೋಗುತ್ತಿದ್ದವು. ಇದಕ್ಕೆ ಊರಿನಲ್ಲಿದ್ದ ಹೆಸರು ‘ಕೆಲಸ’. ಕೆಲಸದಲ್ಲಿದ್ದ ಕಾರುಗಳಿಗೆ ‘ಜಟ್ಟಿ’ ಎಂಬ ಬಿರುದು: ನೋಡಲು ಮುದಿ ಫ್ರೆಂಚ್ ಕಾರು, ಒಳಗೆ ದೊಡ್ಡ ಎಂಜಿನ್, ಹಿಂದಿನ ಸೀಟು ಮಾಯ, ನಂಬರ್ ಪ್ಲೇಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಉಳಿದ ಎಲ್ಲ ಕಸುಬುಗಳನ್ನೂ ಒಟ್ಟಾಗಿ ‘ಸಂಬಳ’ ಎನ್ನುತ್ತಿದ್ದರು, ಸ್ವಲ್ಪ ಕನಿಕರದ ದನಿಯಲ್ಲಿ.

ಸಿ ಮೀಮೂನ್, ಅಂದರೆ ಮರ್ಯಾದೆಗೆ ಶ್ರೀ ಮೀಮೂನ್, ಸಂಬಳದವನು. ಅಂಚೆ ಕಚೇರಿಯ ಗಾಜಿನ ಹಿಂದೆ ಕೂತು ಕೂತು ತಲೆಗೂದಲು ಉದುರಿಸಿಕೊಂಡವನು. ಸ್ವಂತ ಕಾಗದ ಅಂಟಿಸಲು ಕಚೇರಿಯ ಗೋಂದು ಮುಟ್ಟಬಾರದೆಂದು ಮನೆಯಿಂದ ಶೀಸೆ ತರುತ್ತಿದ್ದ. ಊರು ಅದನ್ನು ಗಮನಿಸಿ ‘ಪಾಪ’ ಎಂದುಕೊಂಡಿತ್ತು. ಪ್ರಾಮಾಣಿಕತೆಯೆಂದರೆ ಐನ್ ತೂತ್‌ಗೆ ಉಬ್ಬಸ ಇದ್ದ ಹಾಗೆ: ರೋಗಿಯದೇನೂ ತಪ್ಪಿಲ್ಲ, ಆದರೆ ಆ ಮನೆಯಿಂದ ಹೆಣ್ಣು ತರುವ ಮುಂಚೆ ಯೋಚಿಸಬೇಕು.

ಹಾಗೆ ಯೋಚಿಸಿದವನು ಟೈಲ್ಸ್ ಅಂಗಡಿಯ ಹಾಜ್ ತಯ್ಯೆಬ್. ಅವನ ಮಗ ಝಕರಿಯ ಮೀಮೂನನ ಮಗಳು ಸಿಹಾಮ್‌ಳನ್ನು ಮೆಚ್ಚಿದ್ದ, ಅವಳೂ ಅವನನ್ನು ಮೆಚ್ಚಿದ್ದಳು, ಎರಡೂ ಮನೆಯ ಹೆಂಗಸರು ಹಮ್ಮಾಮಿನ ಸ್ನಾನದ ಉಗಿಯಲ್ಲಿ ಕೂತು ಅರ್ಧ ಮಾತುಕತೆ ಮುಗಿಸಿದ್ದರು. ಉಳಿದರ್ಧ ಹಾಜ್‌ನ ಬಾಯಲ್ಲಿತ್ತು. ಹಾಜ್ ಬಾಯಿ ಬಿಡುತ್ತಿರಲಿಲ್ಲ.

ಅದು ಆಗಸ್ಟಿನಲ್ಲಿ, ಯಾರದೋ ಮದುವೆಯ ಮೆರವಣಿಗೆಯಲ್ಲಿ ಹೊರಬಿತ್ತು. ಮದುಮಗಳ ಕಾರಿನ ಹಿಂದೆ ಊರಿನ ಕಾರುಗಳೆಲ್ಲ ಹಾರನ್ ಹೊಡೆಯುತ್ತ ಗುಡ್ಡದ ಏರುದಾರಿ ಹತ್ತುತ್ತಿದ್ದವು. ಮೀಮೂನನ ಪೆಜೋ ಸ್ಟೇಷನ್ ವ್ಯಾಗನ್‌ನಲ್ಲಿ ಹೆಂಡತಿ ಯಾಮ್ನಾ, ಅತ್ತೆ, ಮಗಳು, ಅಕ್ಕಪಕ್ಕದ ಮನೆಯ ಹೆಂಗಸರು, ಅವರ ಮಕ್ಕಳು, ಮಕ್ಕಳು ತಿನ್ನುತ್ತಿದ್ದ ಕಲ್ಲಂಗಡಿ. ಮೂರನೇ ತಿರುವಿನಲ್ಲಿ ಕಾರು ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಹಿಂದಿನ ಮೆರವಣಿಗೆಯೂ ನಿಂತಿತು. ಬ್ರೆಡ್ಡು ಹೇರಿದ ಹೇಸರಗತ್ತೆ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ಪಕ್ಕದಲ್ಲಿ ಸಾಗುತ್ತ, ಹಗ್ಗ ಬೇಕಾ ಎಂದು ಮರ್ಯಾದೆಯಿಂದಲೇ ಕೇಳಿದ. ಹಿಂದಿನ ಕಾರಿನಿಂದ ಹಾಜ್ ತಯ್ಯೆಬ್ ತಲೆ ಹೊರಹಾಕಿ, ಇಡೀ ಇಳಿಜಾರಿಗೆ ಕೇಳುವಂತೆ ಹೇಳಿದ: “ಕಾರನ್ನೇ ಮೇಲಕ್ಕೆ ತರಲಾರದವನು ಮಗಳ ಮದುವೇನ ಎಲ್ಲಿಗೆ ತಂದಾನು?”

ಮೀಮೂನ್ ಅವಮಾನಗಳನ್ನು ನುಂಗಿ ಅಭ್ಯಾಸವಿದ್ದವನು. ಇದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು, ಯಾಕೆಂದರೆ ಸಿಹಾಮ್ ಕೇಳಿಸಿಕೊಂಡಿದ್ದಳು. ಅವಳು ಇಳಿದು, ಒಳ್ಳೆಯ ಕಾಫ್ತಾನನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಕಾರು ತಳ್ಳಿದಳು.

ಮರುವಾರ ಮೀಮೂನ್ ಅಪ್ಪನಿಂದ ಬಂದಿದ್ದ ಆಲಿವ್ ಮರಗಳನ್ನು ತಮ್ಮನಿಗೆ ಮಾರಿ, ಕಾರನ್ನು ಮೆಕ್ಯಾನಿಕ್ ಅಲ್ಲಾಲ್‌ನ ಶೆಡ್ಡಿಗೆ ಬಿಟ್ಟ. ಅಲ್ಲಾಲ್ ಊರಿನ ನಿಯಮ ಬಲ್ಲವನು. ಯಾಕೆ ಎಂದು ಕೇಳುವವನಲ್ಲ. ಎಂಜಿನ್ ಎಷ್ಟು ದೊಡ್ಡದು ಬೇಕೆಂದು ತಿಳಿಯಲು ಎಷ್ಟು ಬೇಕೋ ಅಷ್ಟನ್ನೇ, ಅದೂ ಬೇರೆ ಕಡೆ ನೋಡುತ್ತ ಕೇಳಿದ.

“ಭಾರ ಎಷ್ಟಿರತ್ತೆ, ಸಿ ಮೀಮೂನ್?”

ಮೀಮೂನ್ ಅತ್ತೆಯನ್ನು ನೆನೆದುಕೊಂಡ. “ಬಹಳ.”

“ಒಡೆಯೋ ಸಾಮಾನೇನಾದ್ರೂ?”

“ಒಂದಿದೆ. ಸ್ವಲ್ಪ ಅಲ್ಲಾಡಿದ್ರೂ ಊರು ಒಂದು ಮಾಡತ್ತೆ.”

ಅಲ್ಲಾಲ್ ತಲೆದೂಗಿದ. ಇಷ್ಟು ಕಾಲ ಗೋಂದಿನ ಶೀಸೆ ಹಿಡಿದುಕೊಂಡು ಓಡಾಡಿದವನು ನೇರವಾಗಿ ಗಾಜಿನ ಸಾಮಾನಿಗೇ ಕೈಹಾಕಿದ್ದಾನಲ್ಲ ಎಂದು ಅವನಿಗೆ ಒಳಗೊಳಗೇ ಗೌರವ ಹುಟ್ಟಿತು.

ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಆರು ಸಿಲಿಂಡರಿನ ಎಂಜಿನ್ ಒಂದಿತ್ತು. ಹಿಂದೆ ಅದು ಒಂದು ಹೆಸರಾಂತ ಜಟ್ಟಿಯ ಹೊಟ್ಟೆಯಲ್ಲಿತ್ತಂತೆ; ಕಾರು ಹಳ್ಳಕ್ಕೆ ಬಿತ್ತು, ಎಂಜಿನ್ ಉಳಿಯಿತು. ಪೆಜೋದ ನಾಲ್ಕು ಸಿಲಿಂಡರಿನ ಸಾಧು ಎಂಜಿನ್ನನ್ನು ಅಲ್ಲಾಲ್ ಸರಪಳಿ ಹಾಕಿ ತೊಲೆಗೆ ನೇತುಹಾಕಿದ. ಹೊಸದನ್ನು ಕೂರಿಸಲು ಹಳೆಯ ಮೌಂಟುಗಳನ್ನು ಕತ್ತರಿಸಿ ಬೇರೆ ಬೆಸುಗೆ ಹಾಕಿದ. ಗೇರ್‌ಬಾಕ್ಸ್ ಬದಲಿಸಿದ. ದೊಡ್ಡ ರೇಡಿಯೇಟರ್ ಇಟ್ಟ ಮೇಲೆ ಬಾನೆಟ್ ಮುಚ್ಚಲಿಲ್ಲ, ತಂತಿ ಕಟ್ಟಿದ. ಮೀಮೂನ್ ಕೇಳದೇ ಇದ್ದ ಕೆಲವು ಉಪಕಾರಗಳನ್ನೂ, ಕಸುಬಿನವರೆಂಬ ವಿಶ್ವಾಸಕ್ಕೆ, ತಾನಾಗಿಯೇ ಮಾಡಿಟ್ಟ: ಕಡೆಯ ಸಾಲಿನ ಸೀಟು ಕಿತ್ತ, ಹಿಂದುಗಡೆ ಡಬ್ಬಲ್ ಸ್ಪ್ರಿಂಗ್ ಹಾಕಿದ. ಭಾರ ಹೇರಿದಾಗ ಮಟ್ಟಸವಾಗಿ ನಿಲ್ಲಲಿ ಎಂಬ ಏರ್ಪಾಟು ಅದು. ಖಾಲಿಯಿದ್ದಾಗ ಕಾರು ಕೊಳದಲ್ಲಿ ನೀರು ಕುಡಿಯಲು ಬಗ್ಗಿದ ಮೇಕೆಯ ಹಾಗೆ ಹಿಂಭಾಗ ಎತ್ತಿಕೊಂಡು ನಿಂತಿತು.

ಮೀಮೂನ್ ಒಂದು ಸುತ್ತು ಬಂದು ನೋಡಿ, ಬ್ರೇಕು ಹೇಗೆ ಎಂದ.

“ನಮ್ಮ ಗಿರಾಕಿಗಳು ನಿಲ್ಲಿಸೋ ವಿಷಯ ಕೇಳಲ್ಲ, ಸಿ ಮೀಮೂನ್,” ಎಂದ ಅಲ್ಲಾಲ್, ಸ್ವಲ್ಪ ನೊಂದವನಂತೆ.

ಅಂದು ಸಂಜೆ ಮೀಮೂನ್ ಮನೆಗೆ ಹೊರಟ. ಆಕ್ಸಿಲರೇಟರನ್ನು ಅವನು ಒತ್ತಲಿಲ್ಲ, ಕಾಲಿಟ್ಟ ಅಷ್ಟೇ. ಅವನ ಮನೆ ಬಂತು, ಹೋಯಿತು. ಬಾಗಿಲಲ್ಲಿ ನಿಂತಿದ್ದ ಯಾಮ್ನಾ ಬಂದಳು, ಹೋದಳು. ಮಸೀದಿ, ಸಂತೆ ಮೈದಾನ, ಶಾಲೆ ಎಲ್ಲವೂ ಬಂದು ಹೋದವು. ಗಡಿಯ ದಾರಿಯಲ್ಲಿ ಮುಂದಿನ ಹಳ್ಳಿಯ ಸ್ಮಶಾನದ ಗೋಡೆ ಬಂದಾಗ ಕಾರು ತಾನಾಗಿಯೇ, ದೈವಭಕ್ತಿಯಿಂದಲೋ ಏನೋ, ನಿಂತಿತು. ಮೀಮೂನ್ ಅಲ್ಲಿ ಸ್ವಲ್ಪ ಹೊತ್ತು ಕೂತು ಪ್ರಾರ್ಥನೆ ಹೇಳಿ, ಆಮೇಲೆ ನಡೆದು ಹೋಗುವವನಿಗಿಂತ ನಿಧಾನವಾಗಿ ಊರಿಗೆ ಮರಳಿದ.

ಊರು ಕಟ್ಟೆಗಳ ಮೇಲೆ ಕೂತು ನೋಡುತ್ತಿತ್ತು. ಹೋಗುವಾಗ ಸಿಡಿಲಿನಂತೆ ಹೋದ, ಬರುವಾಗ ಬಸುರಿಯಂತೆ ಬಂದ. ತುಂಬಿದ ಗಾಡಿಯನ್ನು ಇಷ್ಟು ನಾಜೂಕಾಗಿ ತರುವವನು ಹೊಸಬನಲ್ಲ ಎಂದು ತೀರ್ಮಾನವಾಯಿತು.

ಮಾರನೆಯ ಬೆಳಿಗ್ಗೆ ಕಟುಕ ಕದ್ದೂರ್, ವರ್ಷಗಳಿಂದ ಮೀಮೂನನಿಗೆ ಮೂಳೆಯನ್ನೇ ಕಾಗದದಲ್ಲಿ ಸುತ್ತಿ ಮಾಂಸವೆಂದು ಕೊಡುತ್ತಿದ್ದವನು, ಒಳಗಿಂದ ಕುರಿಯ ಈಲಿ ತಂದು ಮುಂದಿಟ್ಟ. ಇದು ನಿಮಗೋಸ್ಕರ ಎತ್ತಿಟ್ಟಿದ್ದು ಎಂದ. ಮೀಮೂನ್ ಇದನ್ನು ಹೊಸ ಎಂಜಿನ್ನಿಗೆ ಸಂದ ಗೌರವವೆಂದು ತಿಳಿದ. ಹಾಗೆ ನೋಡಿದರೆ ಅದು ಸರಿಯೂ ಆಗಿತ್ತು.

ಹೊಸ ಎಂಜಿನ್ನಿಗೆ ಬಾಯಾರಿಕೆ ಜಾಸ್ತಿ. ಊರಿನವರೆಲ್ಲ ರಸ್ತೆ ಬದಿಯ ಡಬ್ಬಗಳಿಂದ ಆಚೆಯ ಪೆಟ್ರೋಲು ಹಾಕಿಸಿಕೊಳ್ಳುತ್ತಿದ್ದರು. ಒಂದೇ ಒಂದು ಬಂಕ್ ಇತ್ತು, ಅದರ ಪೈಪಿನ ಮೇಲೆ ಮಾಲೀಕ ಬಟ್ಟೆ ಒಣಹಾಕಿದ್ದ. ಮೀಮೂನ್ ಅಲ್ಲಿಗೇ ಹೋಗಿ ನಿಂತ. ಮಾಲೀಕ ಅವಸರದಲ್ಲಿ ಒದ್ದೆ ಬಟ್ಟೆ ಎತ್ತಿಕೊಂಡು, ಪಂಪು ಹೇಗೆ ಶುರುಮಾಡುವುದೆಂದು ಹೆಂಡತಿಯನ್ನು ಕೂಗಿ ಕೇಳಿದ. ಜಟ್ಟಿಯೊಂದು ಬಂಕಿನಲ್ಲಿ ಪೆಟ್ರೋಲು ಕುಡಿಯುವುದನ್ನು ನೋಡಲು ಜನ ಸೇರಿತು. ಕದ್ದೂರ್ ಎಲ್ಲರಿಗೂ ವಿವರಿಸಿ ಹೇಳಿದ: ಸುಂಕದವರ ಕಣ್ಣಿಗೆ ಮಣ್ಣೆರಚುವುದೆಂದರೆ ಇದು, ತಲೆಯೆಂದರೆ ಅದು. ಅಂದಿನಿಂದ ಮೀಮೂನ್ ಮಾಡಿದ ಪ್ರತಿಯೊಂದು ಒಳ್ಳೆಯ ಕೆಲಸವೂ ಅವನ ಚಾಣಾಕ್ಷತೆಯ ಲೆಕ್ಕಕ್ಕೆ ಜಮೆಯಾಯಿತು. ಸಮಯಕ್ಕೆ ಸರಿಯಾಗಿ ಕಚೇರಿಗೆ ಹೋದರೆ, ಎಂಥ ನಟನೆ. ದಾರಿಯಲ್ಲಿ ಸಿಕ್ಕ ಕೈಚೀಲವನ್ನು ಠಾಣೆಗೆ ಕೊಟ್ಟರೆ, ಒಳಗಿನವರ ಪರಿಚಯ ಮಾಡಿಕೊಳ್ಳುತ್ತಿದ್ದಾನೆ.

ಒಂದು ಭಾನುವಾರ ಅವನು ಆ ಏರುದಾರಿಯನ್ನು ಹತ್ತಿಯೂ ನೋಡಿದ. ಮೂರನೇ ತಿರುವನ್ನು ಕಾರು ಎಂಜಲು ಉಗುಳಿದಷ್ಟು ಸಲೀಸಾಗಿ ದಾಟಿತು. ನೋಡಲು ಮೇಕೆಗಳ ಹೊರತು ಯಾರೂ ಇರಲಿಲ್ಲ.

ಕೊನೆಗೆ ಯಾಮ್ನಾಳ ಅಣ್ಣ ಬಂದ. ಎಷ್ಟೋ ವರ್ಷಗಳಿಂದ ಈ ಮನೆಯ ಹೊಸ್ತಿಲು ಮರೆತಿದ್ದವನು. ತನ್ನ ಮಗನನ್ನು ‘ಕೆಲಸ’ಕ್ಕೆ ಸೇರಿಸಿಕೊಳ್ಳಬೇಕೆಂದು ಅವನು ಕೇಳಿದಾಗಲೇ ಮೀಮೂನನಿಗೆ ಊರೆಲ್ಲ ತನ್ನನ್ನು ಏನೆಂದು ತಿಳಿದಿದೆ ಎಂಬುದು ಗೊತ್ತಾದದ್ದು. ಎದೆ ಹಿಡಿದುಕೊಂಡ. ಕುರಾನಿನ ಮೇಲೆ ಆಣೆಯಿಟ್ಟು, ನಾನು ಜನ್ಮದಲ್ಲಿ ಗಡಿಯ ಕಲ್ಲೂ ನೋಡಿದವನಲ್ಲ ಎಂದ. ಅಣ್ಣನ ಕಣ್ಣು ತುಂಬಿ ಬಂತು.

“ಸ್ವಂತ ಭಾವನ ಹತ್ರಾನೂ ಬಾಯಿ ಬಿಡಲ್ಲ ನೋಡು,” ಎಂದು ತಂಗಿಗೆ ಹೇಳಿದ. “ನನ್ನ ಮಗ ಕಲಿತರೆ ಇಂಥವರ ಕೈಕೆಳಗೇ ಕಲೀಬೇಕು.”

ಅವನು ಹೋದ ಮೇಲೆ ಮೀಮೂನ್ ಚಪ್ಪಲಿ ಮೆಟ್ಟಿಕೊಂಡು, ಚೌಕದಲ್ಲಿ ನಿಂತು ಎಲ್ಲರಿಗೂ ನಿಜ ಸಾರುವೆನೆಂದು ಹೊರಟ. ಯಾಮ್ನಾ ಬಾಗಿಲಿಗೆ ಅಡ್ಡ ನಿಂತಳು. ಹಾಜ್ ತಯ್ಯೆಬ್ ಮನೆಯಿಂದ ಹೇಳಿಕಳಿಸಿದ್ದಾರೆ, ಶುಕ್ರವಾರ ಹೆಣ್ಣು ಕೇಳಲು ಬರುತ್ತಾರೆ ಎಂದಳು.

“ಯಾಕೆ ಬರ್ತಿದ್ದಾರೆ ಅಂತ ಗೊತ್ತಾ ನಿಂಗೆ?” ಎಂದ ಮೀಮೂನ್.

“ಗೊತ್ತು. ಬರ್ತಿದ್ದಾರಲ್ಲ. ನೀನು ಕಳ್ಳ ಅಲ್ಲ ಅನ್ನೋದು ದೇವರಿಗೆ ಗೊತ್ತಿದ್ದರೆ ಸಾಲದಾ ಮನುಷ್ಯಾ? ಹಾಜ್‌ಗೂ ಗೊತ್ತಾಗಲೇಬೇಕಾ?”

ಶುಕ್ರವಾರ ಅವರು ಬಂದರು. ನೀಲಿ ಕಾಗದ ಸುತ್ತಿದ ಸಕ್ಕರೆ ಗೋಪುರಗಳು, ಖರ್ಜೂರ, ಹಾಲು, ಮೆಹೆಂದಿ ಎಲ್ಲ ಬಂದವು. ಕುಸ್ಕುಸ್ಸಿನ ತಟ್ಟೆಯ ಮುಂದೆ ಹಾಜ್ ತಯ್ಯೆಬ್ ಮೀಮೂನನ ಪಕ್ಕಕ್ಕೇ ಜರುಗಿ ಕೂತು, ಮಾಂಸದ ಒಳ್ಳೆಯ ತುಂಡುಗಳನ್ನು ಅವನ ಕಡೆಗೆ ಬೆರಳಿನಿಂದ ತಳ್ಳುತ್ತ ಕಿವಿಯಲ್ಲಿ ಹೇಳಿದ: “ಇಷ್ಟು ವರ್ಷ ಗಾಜಿನ ಹಿಂದೆ ಕೂತು ಗೋಂದು ಹಚ್ಕೊಂಡಿದ್ರಲ್ಲ, ಎಂಥ ವೇಷ ಸಿ ಮೀಮೂನ್. ನಾನೇ ನಂಬಿಬಿಟ್ಟಿದ್ದೆ. ನಿಜವಾಗ್ಲೂ ಏನೂ ಇಲ್ಲದ ಮನುಷ್ಯ ಅಂದ್ಕೊಂಡಿದ್ದೆ.”

ಮೀಮೂನ್ ಬಾಯಿ ತೆರೆದ. ಅಷ್ಟರಲ್ಲಿ ಸಿಹಾಮ್ ಚಹಾದ ತಟ್ಟೆ ಹಿಡಿದು ಬಂದಳು. ಅವಳ ಮುಖದಲ್ಲಿ ಒಂದು ಬೆಳಕಿತ್ತು. ಮೀಮೂನ್ ತೆರೆದ ಬಾಯಿಗೆ ಮಾಂಸದ ತುಂಡು ಹಾಕಿಕೊಂಡು ಮುಚ್ಚಿದ. ಐನ್ ತೂತ್‌ನಲ್ಲಿ ಅವನು ಮಾಡಿದ ಮೊದಲ ಅಪರಾಧ ಇದು.

ಎರಡನೆಯದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಮದುವೆಗೆ ನೆಂಟರು ಮಲಗಲು ಕಂಬಳಿ ಬೇಕಿತ್ತು, ಸಿಹಿತಿಂಡಿಗೆ ಹಾಲಿನ ಪುಡಿ ಬೇಕಿತ್ತು. ಹೇಗೂ ಹೋಗಿ ಬರುತ್ತೀರಲ್ಲ, ಬೀಗರೇ, ಆಚೆಯ ಬೆಲೆಗೆ ತಂದುಕೊಡಿ ಎಂದ ಹಾಜ್. ಮೀಮೂನ್ ಆಗಲಿ ಎಂದ. ಆಮೇಲೆ ಕಾರು ಹತ್ತಿ, ಗಡಿಯ ದಾರಿಯಲ್ಲಿ ಊರು ಕಣ್ಮರೆಯಾಗುವವರೆಗೆ ಗುಡುಗಿಸಿಕೊಂಡು ಹೋಗಿ, ಅಲ್ಲಿಂದ ಗುಡ್ಡ ಸುತ್ತಿ ಗಡಿಯ ಈಚೆಯದೇ ಆದ ಬರ್ಕಾನ್ ಪೇಟೆಗೆ ಹೋದ. ಅಂಗಡಿಯವನು ಹೇಳಿದ ಬೆಲೆ ಕೊಟ್ಟು ಕಂಬಳಿ ಕೊಂಡ. ಊರ ಹೊರಗೆ ಕಾರು ನಿಲ್ಲಿಸಿ ಅಂಗಡಿಯ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದ; ಕಂಬಳಿಗಳನ್ನು ಸ್ವಲ್ಪ ಮಣ್ಣಿನಲ್ಲಿ ಹೊರಳಿಸಿದ. ಲೋಕದಲ್ಲಿ ಕಳ್ಳಮಾಲನ್ನು ಅಂಗಡಿ ಮಾಲೆಂದು ಮಾರುವವರನ್ನು ಎಲ್ಲರೂ ಕಂಡಿದ್ದಾರೆ. ಅಂಗಡಿ ಮಾಲನ್ನು ಕಳ್ಳಮಾಲೆಂದು, ಅದೂ ನಷ್ಟಕ್ಕೆ, ಕೊಟ್ಟ ಮೊದಲ ವ್ಯಾಪಾರಿ ನಮ್ಮ ಮೀಮೂನ್. ಬೆಲೆ ಕೇಳಿ ಹಾಜ್‌ನ ಅಳಿಯಂದಿರೂ ಬಂದರು, ಅಕ್ಕಂದಿರೂ ಬಂದರು. ಯಾಮ್ನಾಳ ಬಳೆಗಳು ಒಂದೊಂದಾಗಿ ಹಾಲಿನ ಪುಡಿಯಾದವು.

ಮದುವೆಗೆ ಎರಡು ವಾರವಿದ್ದಾಗ ಹಾಜ್‌ಗೆ ತಾನೂ ಜೊತೆಗೆ ಬರಬೇಕೆಂಬ ಆಸೆ ಹುಟ್ಟಿತು. ವಯಸ್ಸಾದ ಮೇಲೆ ಬರುವ ಆಸೆ, ತಡೆಯಲಾಗುವುದಿಲ್ಲ. ಮೀಮೂನ್ ಅವನನ್ನು ಕೂಡುದಾರಿಯ ಚಹಾದಂಗಡಿಯಲ್ಲಿ ಕೂರಿಸಿ, ಮುಂದೆ ಬರುವುದು ಹಿರಿಯರಿಗೆ ಒಳ್ಳೆಯದಲ್ಲ ಎಂದು ಗಂಭೀರವಾಗಿ ಹೇಳಿ, ಬರ್ಕಾನ್‌ಗೆ ಹೋಗಿ ತುಂಬಿಕೊಂಡು ಬಂದ. ಮಣ್ಣು ಮೆತ್ತಿದ ಕಂಬಳಿಗಳನ್ನು ನೋಡಿ ಹಾಜ್ ಯುದ್ಧದಿಂದ ಬಂದವನನ್ನು ನೋಡುವಂತೆ ನೋಡಿದ. ಇಬ್ಬರೂ ಹೊರಟರು. ಊರಿನ ಹೊರವಲಯದ ಸೇತುವೆಯ ಮೇಲೆ ಸುಂಕದ ಠಾಣೆಯ ಮುಖ್ಯಸ್ಥ ಬೂಶ್ತಾ ಕೈ ಅಡ್ಡ ಹಿಡಿದು ನಿಂತಿದ್ದ.

ಹಾಜ್ ಸೀಟಿನಲ್ಲಿ ನೆಟ್ಟಗಾದ. ಬೀಗರ ಕೈಚಳಕ ನೋಡುವ ಗಳಿಗೆ ಬಂದಿತ್ತು.

ಬೂಶ್ತಾ ಕಿಟಕಿಯೊಳಗೆ ಬಗ್ಗಿ, ಮೀಮೂನನ ಕೈ ಹಿಡಿದು, ಆ ಕೈಯನ್ನು ಎದೆಗೊತ್ತಿಕೊಂಡ. ನಿವೃತ್ತಿಗೆ ಹತ್ತಿರವಾದ ಒಳ್ಳೆಯ ಮನುಷ್ಯ. ಎರಡು ಮನೆಗಳ ಸಂಬಂಧವನ್ನು ಕೇಳಿದ್ದ, ತನ್ನ ಕಡೆಯಿಂದಲೂ ಒಂದು ಪುಣ್ಯದ ಮಾತು ಸೇರಲಿ ಎಂದುಕೊಂಡ.

“ಹಾಜ್, ನಿಮ್ಮ ಅದೃಷ್ಟ ದೊಡ್ಡದು,” ಎಂದ. “ಈ ಕಾರು ಮೊದಲ ದಿನ ಕೂಗಿದಾಗಿನಿಂದ ನಮ್ಮವರು ಇದರ ಬೆನ್ನಿಗೆ ಬಿದ್ದಿದ್ದಾರೆ. ಎಲ್ಲಿಗೆ ಹೋಗ್ತಾರೆ ಇವರು? ಅಂಚೆ ಕಚೇರಿ. ಮಸೀದಿ. ಆಮೇಲೆ ಬರ್ಕಾನ್‌ಗೆ ಹೋಗಿ, ಅಂಗಡಿಯವನು ಹೇಳಿದ ಬೆಲೆ ಕೊಟ್ಟು ಸಾಮಾನು ತರ್ತಾರೆ. ಚೌಕಾಸಿ ಕೂಡ ಇಲ್ಲ. ನನ್ನ ಸರ್ವೀಸಿನಲ್ಲಿ ಈ ರಸ್ತೆ ಮೇಲೆ ಇಂಥ ಒಬ್ಬ ಮನುಷ್ಯನ್ನ ನೋಡಿಲ್ಲ.”

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ಹಿರಿಯರು ಹೇಳಿದ್ದಾರೆ. ಸುಂಕದವನೇ ನಿಮ್ಮ ಗುಣಗಾನ ಮಾಡತೊಡಗಿದರೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಲ್ಲ. ಮೀಮೂನನ ಹಣೆಯ ಮೇಲೆ ಬೆವರು ಒಡೆಯಿತು.

“ಸಾಹೇಬರೇ, ಸರಿಯಾಗಿ ನೋಡಿ,” ಎಂದ. “ಬಾಗಿಲಿನ ಒಳಗಡೆ ನೋಡಿ. ಸೀಟಿನ ಅಡಿ ನೋಡಿ. ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಂದ್ರೆ ಇಲ್ಲ ಅಂತಲ್ಲ.”

“ನೋಡಿದ್ದೀವಿ. ಎರಡು ಸಲ. ನೀವು ನಮಾಜಿನಲ್ಲಿದ್ದಾಗ.”

“ಈ ಕಂಬಳಿ ಆಚೆಯದು. ಮಣ್ಣು ನೋಡಿ ಬೇಕಾದ್ರೆ.”

ಬೂಶ್ತಾ ನಕ್ಕ. ಎಷ್ಟು ವಿನಯ ನೋಡಿ ಎಂದು ಹಾಜ್‌ಗೆ ಹೇಳಿದ. ಒಂದು ಕಂಬಳಿಯ ಅಂಚನ್ನು ಮಡಿಸಿ, ಅಲ್ಲಿ ಹೊಲಿದಿದ್ದ ಬರ್ಕಾನ್ ಅಂಗಡಿಯ ಹೆಸರಿನ ಪಟ್ಟಿಯನ್ನು, ಮೀಮೂನನ ಉಗುರಿಗೆ ಸಿಗದೆ ಉಳಿದಿದ್ದುದನ್ನು, ಪ್ರೀತಿಯಿಂದ ತೋರಿಸಿದ. ಆಮೇಲೆ ಹಿಂದೆ ಸರಿದು, ಮೇಲಧಿಕಾರಿ ಬಂದಾಗ ಹೊಡೆಯುವಂಥ ಸಲಾಮು ಹೊಡೆದ.

ಹಾಜ್ ಮನೆಯ ಮುಂದೆ ಇಳಿದ ಮೇಲೆ ಬಾಗಿಲು ಹಿಡಿದುಕೊಂಡು ನಿಂತ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ, ನಿಜವಾದ ನೋವಿತ್ತು.

“ಮೊದಲೇ ಒಂದು ಮಾತು ಹೇಳಬಹುದಿತ್ತು, ಸಿ ಮೀಮೂನ್. ಮಕ್ಕಳ ಬಾಳಿನ ವಿಷಯ ಇದು. ಇದರಲ್ಲಿ ಮೋಸ ಮಾಡಬಾರದಿತ್ತು ನೀವು.”

ಮರುದಿನ ಅವರ ಕಡೆಯ ಹೆಂಗಸರು ಬಂದು, ಕಣ್ಣೀರು ಒರೆಸಿಕೊಳ್ಳುತ್ತಲೇ ಸಂಬಂಧ ಬಿಡಿಸಿಕೊಂಡು ಹೋದರು. ಝಕರಿಯ ತಾನು ತಂದೆಯ ಮಾತು ಮೀರದ ಮಗನೆಂದು ಯಾರದೋ ಬಾಯಲ್ಲಿ ಹೇಳಿಕಳಿಸಿದ. ಕದ್ದೂರ್ ಮತ್ತೆ ಮೂಳೆಗೆ ಮರಳಿದ, ಈ ಸಲ ಕಾಗದ ಸುತ್ತುವ ಮರ್ಯಾದೆಯೂ ಇಲ್ಲದೆ. ಎಂಜಿನ್ ವಾಪಸ್ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದ್ದಕ್ಕೆ ಅಲ್ಲಾಲ್, ಈಗ ಅದಕ್ಕೆ ಕೆಟ್ಟ ಹೆಸರು ಬಂದಿದೆ, ಯಾವ ಜಟ್ಟಿಯೂ ಮುಟ್ಟುವುದಿಲ್ಲ ಎಂದ.

ಚಳಿಗಾಲ ಕಳೆಯುವ ಹೊತ್ತಿಗೆ ಬರ್ಕಾನ್ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಶಾಲೆಯ ಮೇಷ್ಟ್ರು, ಅವನ ತಂದೆಯೂ ನಿವೃತ್ತ ಮೇಷ್ಟ್ರು, ಹೆಸರು ಸಿ ಇದ್ರಿಸ್. ಸಂಬಳದ ಮನೆತನ. ಸಿಹಾಮ್ ಬೇಡವೆನ್ನಲಿಲ್ಲ. ಯಾಮ್ನಾ ಪುದೀನ ಚಹಾ ಮಾಡಿದಳು. ಇದ್ರಿಸ್ ಹೊಸ್ತಿಲ ಬಳಿಯೇ ನಿಂತು, ಅಂಗಳದಲ್ಲಿ ಹಿಂಭಾಗ ಎತ್ತಿಕೊಂಡು ನಿಂತಿದ್ದ ಕಾರನ್ನು, ತಂತಿ ಕಟ್ಟಿದ ಬಾನೆಟ್ಟನ್ನು, ಸೀಟಿಲ್ಲದ ಒಳಭಾಗವನ್ನು ಬಹಳ ಹೊತ್ತು ನೋಡಿದ. ಕೂತ, ಆದರೆ ದಿಂಬಿಗೆ ಒರಗಲಿಲ್ಲ. ಹುಡುಗನಿಗೂ ಕಣ್ಣಲ್ಲೇ ಏನೋ ಹೇಳಿದ. ನಮ್ಮದು ಸಣ್ಣ ಮನೆ, ನಿಮ್ಮಂಥವರ ಜೊತೆ ನಮಗೆ ಹೊಂದುವುದಿಲ್ಲ ಎಂದು, ನೆಲ ನೋಡುತ್ತ, ಮರ್ಯಾದೆಗೆ ಒಂದಿಷ್ಟೂ ಕುಂದಿಲ್ಲದೆ ಹೇಳಿ ಎದ್ದ.

ಮೀಮೂನ್ ಅವನ ತೋಳು ಹಿಡಿದುಕೊಂಡ. “ನಾನು ಅಂಥವನಲ್ಲ ಸಿ ಇದ್ರಿಸ್. ಬೇಕಿದ್ದರೆ ಸುಂಕದ ಠಾಣೆಯಲ್ಲೇ ಕೇಳಿ ನೋಡಿ.”

“ಕೇಳಿಯೇ ಬಂದೆ,” ಎಂದ ಇದ್ರಿಸ್, ತೋಳು ಬಿಡಿಸಿಕೊಳ್ಳುತ್ತ. “ನಿಮ್ಮ ಹೆಸರು ಹೇಳಿದ ತಕ್ಷಣ ಸಲಾಮು ಹೊಡೆದರು. ಅಲ್ಲೇ ಅರ್ಥ ಆಯ್ತು.”

ಅವರು ಹೋದರು. ಯಾಮ್ನಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಿಹಾಮ್ ಯಾರೂ ಮುಟ್ಟದ ಚಹಾದ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟಳು. ತಟ್ಟೆ ಎತ್ತಿಕೊಂಡು ಅಪ್ಪನ ಮುಂದೆ ನಿಂತಳು.

“ಅಪ್ಪಾ,” ಎಂದಳು, “ಏನಾದ್ರೂ ಒಂದು ಆಗಿ. ಯಾವುದಾದ್ರೂ ಸರಿ.”